ವೇದಿಕೆಯ ಮುಂದಿನ ಜಾಗ

ನಮ್ಮ ಮೇಲಿನ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರಿಗೆ ಅವರ ಮಗ ಒಂದು ಕರೋಕೆ ಮೈಕು ತಂದುಕೊಟ್ಟಿದ್ದಾನೆ. ತಂದುಕೊಟ್ಟವನು ಹಾಲೆಂಡಿಗೆ ವಾಪಸು ಹೋದ, ಮೈಕು ಇಲ್ಲೇ ಉಳಿಯಿತು. ಸಂಜೆ ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ನಮ್ಮ ಸೂರಿನಿಂದ ಪಿಟೀಲುಗಳ ಒಂದು ಹಿಂಡೇ ಇಳಿದು ಬರುತ್ತದೆ. ಅದರ ಬೆನ್ನಿಗೆ ತಬಲಾ, ಕೊಳಲು, ಆಮೇಲೆ ಚಿಟಿಕೆ ಹೊಡೆಯುವಷ್ಟು ಹೊತ್ತು ಮೌನ. ಆ ಮೌನದಲ್ಲಿ ಪಿ.ಬಿ. ಶ್ರೀನಿವಾಸ್ ಬರಬೇಕು. ಬರುವವರು ಮ್ಯಾನೇಜರು, ಅದೂ ಅರ್ಧ ಮಾತ್ರೆ ತಡವಾಗಿ. ನಲವತ್ತು ವರ್ಷ ಎಲ್ಲ ಕಾಗದವನ್ನೂ ಎರಡೆರಡು ಸಲ ಓದಿ ಸಹಿ ಹಾಕಿದವರು. ಪಲ್ಲವಿಯನ್ನೂ ಹಾಗೇ ಒಂದು ಸಲ ಪರಿಶೀಲಿಸಿಯೇ ಎತ್ತಿಕೊಳ್ಳುತ್ತಾರೆ. ಅಷ್ಟರಲ್ಲಿ ಪಿಟೀಲುಗಳು ಮುಂದಕ್ಕೆ ಹೋಗಿಬಿಟ್ಟಿರುತ್ತವೆ. ಕೊನೆಗೆ ಯಂತ್ರ ಅವರಿಗೆ ತೊಂಬತ್ತೆರಡು ಅಂಕ ಕೊಡುತ್ತದೆ. ಅದನ್ನು ಅವರು ಮೈಕಿನಲ್ಲೇ ಓದಿ ಹೇಳುತ್ತಾರೆ.

‘ಪಾಪ, ಹಾಡಿಕೊಳ್ಳಲಿ ಬಿಡಿ ರೀ’ ಅನ್ನುತ್ತಾಳೆ ನನ್ನ ಹೆಂಡತಿ. ಅವಳಿಗೆ ಕಿವಿಗೆ ಹತ್ತಿ ಇಟ್ಟುಕೊಳ್ಳುವ ಸೌಕರ್ಯ ಉಂಟು. ನಾನು ಕನ್ನಡಕ ಹಾಕಿಕೊಂಡರೇ ಕಿವಿ ತುಂಬಿಹೋಗುವ ಮನುಷ್ಯ.

ಈ ಮೈಕಿನ ಕೀರ್ತಿ ಬಡಾವಣೆಯ ಗಣೇಶೋತ್ಸವ ಸಮಿತಿಯನ್ನು ಮುಟ್ಟಲು ತಡವಾಗಲಿಲ್ಲ. ಪಾರ್ಕಿನ ಕಲ್ಲುಬೆಂಚಿನ ಮೇಲೆ ನಮ್ಮ ಸಭೆ ಸೇರಿತ್ತು. ಆರ್ಕೆಸ್ಟ್ರಾದವರು ಸೌಂಡು, ಲೈಟು, ಊಟ, ಟೆಂಪೋ ಎಲ್ಲ ಸೇರಿಸಿ ಹೇಳಿದ ಮೊತ್ತ ಕೇಳಿ ಅಧ್ಯಕ್ಷರು ಬೆಂಚಿನ ಮೇಲೇ ಸ್ವಲ್ಪ ಒರಗಿದರು. ಸಾಫ್ಟ್‌ವೇರ್ ಕಂಪನಿಯಲ್ಲಿರುವ ನಮ್ಮ ಖಜಾಂಚಿ ಹುಡುಗ, ‘ಕರೋಕೆ ಸಾಕು ಅಂಕಲ್, ಹಾಡೋಕೆ ನಮ್ಮಲ್ಲೇ ಜನ ಇದಾರಲ್ಲ’ ಅಂದ. ಎಲ್ಲರೂ ಮ್ಯಾನೇಜರ ಕಡೆ ನೋಡಿದರು. ಮ್ಯಾನೇಜರು ವಿನಯದಿಂದ ತಮ್ಮ ಚಪ್ಪಲಿ ನೋಡಿಕೊಂಡರು. ಆಹ್ವಾನಪತ್ರಿಕೆ ಬರೆಯುವ ಕೆಲಸ ವಾಡಿಕೆಯಂತೆ ನನ್ನ ಕೊರಳಿಗೆ ಬಿತ್ತು. ‘ನೀವು ಬರೆಯೋರು ಸಾರ್’ ಅಂದುಬಿಟ್ಟರೆ ನಾನು ಬೇಡ ಅನ್ನುವುದಿಲ್ಲ ಎಂಬುದು ಊರಿಗೇ ಗೊತ್ತು.

ಕಾಗದದಲ್ಲಿ ಏನೆಂದು ಬರೆಯುವುದು? ಅಚ್ಚಾದ ಕರಪತ್ರಗಳಲ್ಲಿ ಅದು ಸದಾ ‘ಸಂಗೀತ ರಸಮಂಜರಿ’. ಸ್ವಲ್ಪ ಗತ್ತಿನವರು ‘ವಾದ್ಯಗೋಷ್ಠಿ’ ಅಂತ ಹಾಕಿಸುತ್ತಾರೆ. ಆಕಾಶವಾಣಿಯವರಿಗೂ ನಿಘಂಟಿನವರಿಗೂ ‘ವಾದ್ಯವೃಂದ’. ಆದರೆ ‘ಸಾಯಂಕಾಲ ವಾದ್ಯವೃಂದಕ್ಕೆ ಬರ್ತೀಯೇನೋ’ ಎಂದು ಯಾರೂ ಯಾರನ್ನೂ ಕರೆದದ್ದನ್ನು ನಾನು ಕೇಳಿಲ್ಲ. ಬಾಯಲ್ಲಿ ಅದು ಆರ್ಕೆಸ್ಟ್ರಾ, ನಮ್ಮ ಅಜ್ಜಿಯ ಬಾಯಲ್ಲಿ ‘ಅರ್ಕೇಷ್ಟ’. ನಮ್ಮ ಮೈಸೂರಿನ ಹುಡುಗರು 2023ರಲ್ಲಿ ಒಂದು ಸಿನಿಮಾ ಮಾಡಿ ಅದಕ್ಕೆ ‘ಆರ್ಕೆಸ್ಟ್ರಾ ಮೈಸೂರು!’ ಎಂದೇ ಹೆಸರಿಟ್ಟರು. ‘ರಸಮಂಜರಿ ಮೈಸೂರು’ ಅಂತ ಇಟ್ಟಿದ್ದರೆ ಜನ ಅದನ್ನು ಚಿತ್ರಾನ್ನದ ಹೋಟೆಲು ಎಂದುಕೊಳ್ಳುತ್ತಿದ್ದರು.

ನಾನು ಹುಟ್ಟಿ ಬೆಳೆದ ಹುಣಸೂರಿನಲ್ಲಿ ಆರ್ಕೆಸ್ಟ್ರಾ ಅಂದರೆ ಮಧ್ಯಾಹ್ನದಿಂದಲೇ ಶುರು. ಮೈಸೂರಿನಿಂದ ಮೆಟಡಾರ್ ವ್ಯಾನು ಬಂದು ನಿಲ್ಲುತ್ತಿದ್ದ ಹಾಗೆ ನಾವು ಹುಡುಗರು ಸುತ್ತ ನೆರೆಯುತ್ತಿದ್ದೆವು. ಕಾಂಗೋ ಇಳಿಯಿತು, ಡ್ರಮ್ಸ್ ಇಳಿಯಿತು, ಕಪ್ಪು ಪೆಟ್ಟಿಗೆಯಲ್ಲಿ ಅಕಾರ್ಡಿಯನ್ ಇಳಿಯಿತು. ಅಕಾರ್ಡಿಯನ್ ಹೊರುವವನನ್ನು ಮುಟ್ಟಿ ನೋಡಿದವರಿಗೆ ಶಾಲೆಯಲ್ಲಿ ಎರಡು ದಿನ ಮರ್ಯಾದೆ. ಸಂಜೆ ಸೀರಿಯಲ್ ಲೈಟು ಹತ್ತಿದ ಮೇಲೆ ‘ಚೆಕ್, ಚೆಕ್, ಹಲೋ ಮೈಕ್ ಟೆಸ್ಟಿಂಗ್’ ಎಂಬ ಮಂಗಳಶ್ಲೋಕ. ನಂತರ ಗಣಪತಿ ಹಾಡು, ಆಮೇಲೆ ರಾಜ್‌ಕುಮಾರ್ ಹಾಡು. ಮೂರನೆಯದಕ್ಕೆ ಬರುತ್ತಿದ್ದವನು ನಮ್ಮ ಹೀರೋ: ಗಂಡು ದನಿ ಹೆಣ್ಣು ದನಿ ಎರಡರಲ್ಲೂ ಹಾಡುವವನು. ಬೆಳ್ಳಿ ಗುಂಡಿಯ ಕೋಟು, ತೆಳ್ಳನೆಯ ಮೀಸೆ. ಗಂಡಸಿನ ಸಾಲಿಗೆ ಮೈಕನ್ನು ಬಲಗೈಲಿ ಹಿಡಿಯುತ್ತಿದ್ದ, ಹೆಂಗಸಿನ ಸಾಲು ಬಂದಾಗ ಅದನ್ನು ಎಡಗೈಗೆ ದಾಟಿಸಿ ಕತ್ತು ಒಂದಿಷ್ಟು ವಾಲಿಸುತ್ತಿದ್ದ. ಯುಗಳಗೀತೆಯ ಕೊನೆಯಲ್ಲಿ ಸಾಲುಗಳು ಚಿಕ್ಕದಾಗುತ್ತ ಬಂದಂತೆ ಮೈಕು ಕೈಯಿಂದ ಕೈಗೆ ಹಾರುತ್ತಿತ್ತು. ಒಂದೇ ಒಂದು ಸಲವೂ ತಪ್ಪು ಕೈಯಿಂದ ತಪ್ಪು ದನಿ ಬರಲಿಲ್ಲ.

ನಡುನಡುವೆ ವೇದಿಕೆಗೆ ಚೀಟಿ ಹೋಗುತ್ತಿತ್ತು. ಬೇಕಾದ ಹಾಡಿನ ಹೆಸರು, ಕೇಳಿದವರ ಹೆಸರು, ಗುಂಡುಸೂಜಿಯಲ್ಲಿ ಚುಚ್ಚಿದ ಎರಡು ರೂಪಾಯಿಯ ನೋಟು. ‘ಕಲ್ಕುಣಿಕೆಯ ಗೆಳೆಯರ ಬಳಗದಿಂದ’ ಎಂದು ಓದಿದಾಗ ಕತ್ತಲಲ್ಲಿ ಒಂದು ಮೂಲೆಯಿಂದ ಶಿಳ್ಳೆ. ಆ ಬಳಗವೇ ಆಮೇಲೆ ಎದ್ದು ಬಂದು ವೇದಿಕೆಗೂ ಮೊದಲ ಸಾಲಿಗೂ ನಡುವಿನ ಖಾಲಿ ಜಾಗದಲ್ಲಿ ಲುಂಗಿ ಎತ್ತಿ ಕಟ್ಟಿ ಕುಣಿಯುತ್ತಿತ್ತು.

ಆ ಜಾಗ ನಿಜಕ್ಕೂ ನಮ್ಮದು. ಮಕ್ಕಳಿಗೆಂದು ಅಲ್ಲಿ ಜಮಖಾನ ಹಾಸುತ್ತಿದ್ದರು. ಆರು ಗಂಟೆಗೇ ಬಂದು, ಚಿಲ್ಲರೆ ಜಗಳ ಕಾದು, ಅಕಾರ್ಡಿಯನ್ನಿಗೆ ನೇರ ಕಾಣುವ ಹಾಗೆ ಜಾಗ ಹಿಡಿದಿರುತ್ತಿದ್ದೆವು. ಎಂಟೂವರೆಗೆ ಗಣ್ಯರು ಬರುವರು. ಕೂಡಲೇ ನಾಲ್ವರು ಎಲ್ಲಿಂದಲೋ ಮರದ ಸೋಫಾ ಹೊತ್ತು ತಂದು, ‘ಏಳ್ರೋ, ಸರೀರೋ’ ಎಂದು ಜಮಖಾನದ ಮೇಲೇ ಇಟ್ಟುಬಿಡುವರು. ಹಾಡು ಕೇಳಲು ಬಂದ ನನಗೆ ಪುರಸಭೆಯ ದೊಡ್ಡವರ ಬೋಳುತಲೆಯೇ ಆ ರಾತ್ರಿಯ ನೋಟ. ಹಾಡೆರಡು ಮುಗಿಯುವ ಮೊದಲೇ ಅವರು ಹಾರ ಹಾಕಿಸಿಕೊಂಡು ಎದ್ದು ಹೋಗುತ್ತಿದ್ದರು. ಖಾಲಿ ಸೋಫಾ ಮಾತ್ರ ಅಲ್ಲೇ, ಮುಂದಿನ ಗಣ್ಯರಿಗಾಗಿ. ಈ ಸಿಟ್ಟನ್ನು ನಾನು ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡು ಬಂದಿದ್ದೇನೆ. ಅದಕ್ಕೆ ಪುರಾತನತೆ ಇದೆ ಎಂದು ತಿಳಿದದ್ದು ಮಾತ್ರ ಈಚೆಗೆ.

ನನ್ನ ಅಣ್ಣನ ಮಗಳು ಗ್ರೀಸಿಗೆ ಹೋಗಿದ್ದಳು. ಅಲ್ಲಿ ಎಪಿಡಾರಸ್ ಎಂಬಲ್ಲಿ ಕ್ರಿಸ್ತಪೂರ್ವ ನಾಲ್ಕನೇ ಶತಮಾನದ ಒಂದು ಬಯಲು ನಾಟಕಶಾಲೆ ಇದೆ. ಗುಡ್ಡದ ಇಳಿಜಾರಿನ ಮೇಲೇ ಕೂರಿಸಿದ ಕಲ್ಲಿನ ಮೆಟ್ಟಿಲುಗಳು, ಹತ್ತು ಹನ್ನೆರಡು ಸಾವಿರ ಜನ ಕೂರುವಷ್ಟು. ಕೆಳಗೆ, ಎಲ್ಲ ಮೆಟ್ಟಿಲುಗಳೂ ನೋಡುವ ಕಡೆ, ಕಲ್ಲಿನ ಅಂಚು ಕಟ್ಟಿದ ದುಂಡನೆಯ ಮಣ್ಣಿನ ಕಣ. ಅಡ್ಡಳತೆ ಸುಮಾರು 20 ಮೀಟರು. ಆ ಕಣದ ನಡುವೆ ನಿಂತು ಮಾತಾಡಿದರೆ ತುತ್ತತುದಿಯ ಮೆಟ್ಟಿಲಿಗೂ ಕೇಳುತ್ತದೆ ಎಂಬ ಖ್ಯಾತಿ. ಬಂದವರೆಲ್ಲ ಅಲ್ಲಿ ನಿಂತು ನಾಣ್ಯ ಬೀಳಿಸಿ, ಕಾಗದ ಹರಿದು ಪರೀಕ್ಷೆ ಮಾಡುತ್ತಾರಂತೆ. ನಮ್ಮ ಹುಡುಗಿಯ ಸರದಿ ಬಂದಾಗ ಏನು ಹೇಳಬೇಕೆಂದು ತೋಚದೆ, ‘ಚೆಕ್, ಚೆಕ್, ಹಲೋ ಮೈಕ್ ಟೆಸ್ಟಿಂಗ್’ ಅಂದಳಂತೆ. ‘ಮೇಲೆ ನಿಂತಿದ್ದ ನಮ್ಮೋರಿಗೆಲ್ಲ ಕೇಳಿಸ್ತು ಚಿಕ್ಕಪ್ಪ. ಅಂದಹಾಗೆ ಆ ದುಂಡು ಜಾಗಕ್ಕೆ ಬೋರ್ಡಲ್ಲಿ ಆರ್ಕೆಸ್ಟ್ರಾ ಅಂತ ಬರ್ದಿತ್ತು. ಒಂದು ಪೀಪಿನೂ ಇರ್ಲಿಲ್ಲ ಅಲ್ಲಿ!’

ಇರಲಿಲ್ಲ, ಯಾಕೆಂದರೆ ಆರ್ಕೆಸ್ಟ್ರಾ ಅಂದರೆ ಮೂಲದಲ್ಲಿ ವಾದ್ಯವಲ್ಲ, ವಾದ್ಯಗಾರರಲ್ಲ. ಗ್ರೀಕಿನಲ್ಲಿ ಕುಣಿಯುವುದಕ್ಕೆ ‘ಆರ್ಖೇಸ್ಥಾಯ್’ ಎನ್ನುತ್ತಿದ್ದರು, ಕುಣಿಯುವ ಜಾಗ ‘ಆರ್ಖೇಸ್ತ್ರಾ’. ನಾಟಕದ ಕೋರಸ್ಸು, ನಾವು ಮೇಳ ಎನ್ನುತ್ತೇವಲ್ಲ, ಅದು ಹಾಡಿಕೊಂಡು ಹೆಜ್ಜೆ ಹಾಕುತ್ತಿದ್ದ ಕಣ. ಸೊಫೊಕ್ಲಿಸನ ಕಾಲಕ್ಕೆ ದುರಂತ ನಾಟಕದ ಮೇಳದಲ್ಲಿ ಹದಿನೈದು ಜನ, ಪ್ರಹಸನದಲ್ಲಿ ಇಪ್ಪತ್ತನಾಲ್ಕು. ಇವರಿಗೆಲ್ಲ ಸೇರಿ ವಾದ್ಯಗಾರ ಒಬ್ಬನೇ. ಜೋಡಿ ಕೊಳವೆಯ ‘ಔಲೋಸ್’ ಊದುವವನು. ಅದೇ ಸೊಫೊಕ್ಲಿಸನ ‘ಏಜಾಕ್ಸ್’ ನಮ್ಮ ಬಿ.ಎಂ.ಶ್ರೀ. ಕೈಯಲ್ಲಿ ‘ಅಶ್ವತ್ಥಾಮನ್’ ಆದದ್ದನ್ನು ಬಿ.ಎ. ತರಗತಿಯಲ್ಲಿ ಓದಿದ್ದೆ. ಮೇಳದ ಮಾತು ಬಂದಾಗ ಪುಟ ಮಗುಚಿ ಮುಂದೆ ಹೋಗುತ್ತಿದ್ದೆ. ಪರೀಕ್ಷೆಗೆ ಅದರಲ್ಲಿ ಪ್ರಶ್ನೆ ಬರುತ್ತಿರಲಿಲ್ಲ.

ಹೀಗೆ ನೋಡಿದರೆ ಕಲ್ಕುಣಿಕೆಯ ಗೆಳೆಯರ ಬಳಗವೇ ಅಸಲಿ ಆರ್ಕೆಸ್ಟ್ರಾ, ಬೆಳ್ಳಿ ಗುಂಡಿಯವನು ಮೇಲಿನ ಕಟ್ಟೆಯ ನಟ ಮಾತ್ರ. ಅಥೆನ್ಸಿನ ಪೇಟೆ ಮೈದಾನದಲ್ಲೂ ಆ ಹೆಸರಿನದೊಂದು ಜಾಗ ಇತ್ತೆಂದು ಹೇಳುತ್ತಾರೆ. ಕುಣಿತ ಇಲ್ಲದ ದಿನ ಅಲ್ಲಿ ಪುಸ್ತಕ ಮಾರುತ್ತಿದ್ದರು. ಸಾಕ್ರಟೀಸನ ಮೇಲೆ ಮೊಕದ್ದಮೆ ನಡೆದಾಗ, ಸೂರ್ಯ ಒಂದು ಕಲ್ಲು ಎಂಬ ವಿಚಾರ ನನ್ನದೇನಲ್ಲ, ಅನಾಕ್ಸಗೊರಸನ ಆ ಪುಸ್ತಕ ಆರ್ಕೆಸ್ಟ್ರಾದಲ್ಲಿ ಹೆಚ್ಚೆಂದರೆ ಒಂದು ದ್ರಾಕ್ಮಾಗೆ ಯಾರಿಗೆ ಬೇಕಾದರೂ ಸಿಗುತ್ತದಲ್ಲ ಎಂಬರ್ಥದ ಮಾತನ್ನು ಅವನು ಕೋರ್ಟಿನಲ್ಲಿ ಆಡಿದ್ದನ್ನು ಪ್ಲೇಟೋ ಬರೆದಿಟ್ಟಿದ್ದಾನೆ. ಅಗ್ಗದ ಪುಸ್ತಕಕ್ಕೆ ಆರ್ಕೆಸ್ಟ್ರಾಗೆ ಹೋಗಬೇಕಾಗಿದ್ದ ಆ ಊರಿನ ಮೇಲೆ ನನಗೆ ಇನ್ನಿಲ್ಲದ ಪ್ರೀತಿ.

ಆಮೇಲೆ ರೋಮನರು ಬಂದರು, ಸೋಫಾ ತಂದರು. ಅವರ ನಾಟಕಗಳಲ್ಲಿ ಮೇಳದ ಕುಣಿತ ಇರಲಿಲ್ಲ. ಕಣ ಖಾಲಿ ಬಿದ್ದಿತ್ತು. ಖಾಲಿ ಜಾಗ ಕಂಡರೆ ಗಣ್ಯರು ಸುಮ್ಮನಿರುತ್ತಾರೆಯೇ? ಆ ದುಂಡು ಕಣವನ್ನು ಅರ್ಧಕ್ಕೆ ಕತ್ತರಿಸಿ, ಸೆನೆಟರುಗಳ ಆಸನಗಳನ್ನು ಹಾಕಿದರು. ಹೆಸರು ಮಾತ್ರ ಆರ್ಕೆಸ್ಟ್ರಾ ಎಂದೇ ಉಳಿಯಿತು. ಸುಟೋನಿಯಸ್ ಎಂಬ ಚರಿತ್ರಕಾರ ಒಂದು ಪ್ರಸಂಗ ಹೇಳುತ್ತಾನೆ. ಪುಟಿಯೋಲಿ ಎಂಬ ಊರಿನ ತುಂಬಿದ ಆಟಕ್ಕೆ ಒಬ್ಬ ಸೆನೆಟರು ಹೋದಾಗ ಯಾರೂ ಎದ್ದು ಜಾಗ ಕೊಡಲಿಲ್ಲವಂತೆ. ವಿಷಯ ಆಗಸ್ಟಸ್ ಚಕ್ರವರ್ತಿಯ ಕಿವಿಗೆ ಬಿತ್ತು. ಇನ್ನು ಮುಂದೆ ಎಲ್ಲೇ ಆಟವಾಗಲಿ ಮೊದಲ ಸಾಲು ಸೆನೆಟರುಗಳಿಗೆ ಮೀಸಲು ಎಂದು ನಿರ್ಣಯವೇ ಆಯಿತು. ಇದನ್ನು ಓದಿದ ರಾತ್ರಿ ನನಗೆ ಆ ಪುಟಿಯೋಲಿಯ ಜನರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಎರಡು ಸಾವಿರ ವರ್ಷದ ಹಿಂದೆ, ಯಾರೋ ಹುಡುಗರು, ಜಮಖಾನ ಬಿಟ್ಟು ಏಳದೆ ಕೂತಿದ್ದರು!

ರೋಮನರ ಅರ್ಥ ಇನ್ನೂ ಸತ್ತಿಲ್ಲ. ನ್ಯೂಯಾರ್ಕಿನ ನಾಟಕಶಾಲೆಗಳಲ್ಲಿ ಕೆಳಗಿನ ಅಂತಸ್ತಿನ ಸೀಟುಗಳಿಗೆ ಇವತ್ತಿಗೂ ಆರ್ಕೆಸ್ಟ್ರಾ ಎಂದೇ ಹೆಸರು. ನ್ಯೂಜೆರ್ಸಿಯಲ್ಲಿರುವ ಗೆಳೆಯನ ಮಗ ತನ್ನ ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋದನಂತೆ. ಟಿಕೆಟಿನ ಮೇಲೆ ಆರ್ಕೆಸ್ಟ್ರಾ ಎಂದು ಓದಿದ ಆಕೆ, ‘ಅಯ್ಯೋ, ನಂಗೆ ಹಾರ್ಮೋನಿಯಂ ಬಿಟ್ಟು ಹತ್ತು ವರ್ಷ ಆಯ್ತಲ್ಲೋ’ ಅಂದರಂತೆ.

ವಾದ್ಯಗಾರರು ಈ ಹೆಸರಿನೊಳಕ್ಕೆ ಬಂದದ್ದು ಬಹಳ ತಡವಾಗಿ. ಇಟಲಿಯಲ್ಲಿ ಹದಿನೇಳನೇ ಶತಮಾನದಲ್ಲಿ ಆಪೆರಾ ಶುರುವಾದಾಗ ನುಡಿಸುವವರನ್ನು ಎಲ್ಲಿ ಕೂರಿಸುವುದು ಎಂಬ ಪ್ರಶ್ನೆ ಎದ್ದಿತು. ವೇದಿಕೆಯ ಮುಂದಿನ ಆ ಜಾಗವೇ ಕಣ್ಣಿಗೆ ಬಿತ್ತು. ಮೊದಲು ಜಾಗ ಆರ್ಕೆಸ್ಟ್ರಾ, ಬರಬರುತ್ತ ಜಾಗದಲ್ಲಿ ಕೂತವರೂ ಆರ್ಕೆಸ್ಟ್ರಾ. 1768ರಲ್ಲಿ ರೂಸೋ ತನ್ನ ಸಂಗೀತ ನಿಘಂಟು ಹೊರತಂದಾಗ ಅದರಲ್ಲಿ ಎರಡು ಅರ್ಥಗಳೂ ಪಕ್ಕಪಕ್ಕದಲ್ಲಿ ಕೂತಿದ್ದವು. ಈ ಬಗೆಯ ಅರ್ಥದ ಜಾರಾಟ ನಮಗೇನು ಹೊಸದಲ್ಲ. ಸಂಗೀತ ಕಚೇರಿ ಅನ್ನುತ್ತೇವೆ. ಕಚೇರಿ ಅಂದರೆ ದರ್ಬಾರು ಸೇರುವ ಜಾಗ. ಅದೇ ಮಾತು ಒಂದು ಕಡೆ ತ್ಯಾಗರಾಜರ ಕೃತಿಗೆ ಹೋಯಿತು, ಇನ್ನೊಂದು ಕಡೆ ಪಹಣಿ ತಿದ್ದುಪಡಿಗೆ ಹೋಯಿತು. ತಾಲ್ಲೂಕು ಕಚೇರಿಯಲ್ಲೂ ತನಿ ಆವರ್ತನ ನಡೆಯುತ್ತದೆ, ಕೇಳುವ ತಾಳ್ಮೆ ಬೇಕು.

ನುಡಿಸುವವರನ್ನು ಕೂರಿಸುವುದರಲ್ಲಿ ನಮ್ಮವರು ಇನ್ನೊಂದು ದಾರಿ ಹಿಡಿದಿದ್ದಾರೆ. ಯಕ್ಷಗಾನದಲ್ಲಿ ಭಾಗವತರು, ಮದ್ದಳೆ, ಚೆಂಡೆ ಎಲ್ಲ ಹಿಮ್ಮೇಳ, ಕುಣಿಯುವವರು ಮುಮ್ಮೇಳ. ಮುಂದಿನ ಜಾಗವನ್ನು ಕುಣಿತಕ್ಕೇ ಬಿಟ್ಟುಕೊಟ್ಟ ಮರ್ಯಾದೆ ಅದು. ಕಂಪನಿ ನಾಟಕದವರು ಮಾತ್ರ ಪಾರ್ಸಿಯವರನ್ನು ನೋಡಿ ಹಾರ್ಮೋನಿಯಂ ಮೇಷ್ಟ್ರನ್ನು ವೇದಿಕೆಯ ಮುಂದೆ ಕೆಳಗೆ ಕೂರಿಸಿದರು. ಲೆಗ್ ಹಾರ್ಮೋನಿಯಂ ತುಳಿಯುತ್ತಾ, ಕತ್ತು ಮೇಲೆತ್ತಿ ನಟನ ಬಾಯನ್ನೇ ನೋಡುತ್ತಾ, ಅವನು ಶ್ರುತಿ ಬಿಟ್ಟರೆ ತಾವೇ ಆ ಶ್ರುತಿಗೆ ಹಾರುತ್ತಿದ್ದ ಮೇಷ್ಟ್ರುಗಳನ್ನು ನೋಡಿದವರು ಇನ್ನೂ ಇದ್ದಾರೆ.

ಮೈಸೂರಿನವನಾಗಿ ಒಂದು ಜಂಬ ಕೊಚ್ಚಿಕೊಳ್ಳದೆ ಮುಂದೆ ಹೋಗಲಾರೆ. ಪಾಶ್ಚಾತ್ಯರ ದೊಡ್ಡ ಆರ್ಕೆಸ್ಟ್ರಾ ಒಂದನ್ನು ಕಾಪಾಡಿದ ಕೈ ನಮ್ಮದು. ಎರಡನೇ ಮಹಾಯುದ್ಧ ಮುಗಿದ ಕಾಲಕ್ಕೆ ಲಂಡನ್ನಿನಲ್ಲಿ ಫಿಲ್‌ಹಾರ್ಮೋನಿಯಾ ಹುಟ್ಟಿತಷ್ಟೆ. ಅದಕ್ಕೆ ದುಡ್ಡಿನ ಆಸರೆಯಾಗಿ ನಿಂತವರು ಜಯಚಾಮರಾಜ ಒಡೆಯರ್. ಅದರ ಕಚೇರಿಗಳ ಸಂಸ್ಥೆಗೆ 1948ರಲ್ಲಿ ಮೊದಲ ಅಧ್ಯಕ್ಷರೂ ಅವರೇ. ರಿಚರ್ಡ್ ಸ್ಟ್ರಾಸ್ ತೀರಿಹೋಗುವ ಮುನ್ನ ಬರೆದ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ಲೋಕದ ಕಿವಿಗೆ ಬಿದ್ದದ್ದು, ಫುರ್ಟ್‌ವೆಂಗ್ಲರ್ ಕೋಲು ಹಿಡಿದು, ಕರ್ಸ್ಟೆನ್ ಫ್ಲಾಗ್‌ಸ್ಟಾಡ್ ಹಾಡಿ, ಹಿಂದೆ ಫಿಲ್‌ಹಾರ್ಮೋನಿಯಾ ನುಡಿಸಿ. ಖರ್ಚಿಗೆ ಹೊಣೆ ನಿಂತವರು ಮೈಸೂರಿನ ಮಹಾರಾಜರು. ಅವರದೇ ಕೀರ್ತನೆಗಳನ್ನು ಇಲ್ಲಿ ಇಂದಿಗೂ ಹಾಡುತ್ತಾರೆ. ದಸರೆಯಲ್ಲಿ ಅರಮನೆಯ ಮುಂದೆ ಪೊಲೀಸ್ ಬ್ಯಾಂಡಿನವರು ಇಂಗ್ಲಿಷ್ ವಾದ್ಯವೃಂದ, ಕರ್ನಾಟಕ ವಾದ್ಯವೃಂದ ಎಂದು ಎರಡು ಸಾಲಾಗಿ ಕೂತು ನುಡಿಸುವುದೂ ಆ ಮನೆತನದ ಬಳುವಳಿ. ಅಂಥ ಊರಿನ ಒಂದು ಬಡಾವಣೆಯಲ್ಲಿ ನಾವು, ರಿದಂ ಪ್ಯಾಡಿನವನನ್ನು ಕರೆಸುವುದೋ ಬೇಡವೋ ಎಂದು ಕಲ್ಲುಬೆಂಚಿನ ಮೇಲೆ ಕೂತು ಒಂದೂವರೆ ಗಂಟೆ ಚರ್ಚೆ ಮಾಡಿದೆವು.

ಕರೋಕೆ ಪಕ್ಷದ ವಾದವೆಂದರೆ, ಆರ್ಕೆಸ್ಟ್ರಾವೇ ಯಾಕೆ, ಇದರಲ್ಲೂ ಅದೇ ಇದೆಯಲ್ಲ ಎಂದು. ಹುಡುಗ ಗೊತ್ತಿದ್ದು ಹೇಳಿದನೋ ಗೊತ್ತಿಲ್ಲದೆಯೋ, ಮಾತು ನಿಜ. ಜಪಾನಿನವರು ಆರ್ಕೆಸ್ಟ್ರಾವನ್ನು ‘ಓಕೆಸುತೊರಾ’ ಮಾಡಿಕೊಂಡರು. ಅದು ಉದ್ದವಾಯಿತೆಂದು ‘ಓಕೆ’ಗೆ ಮೊಟಕುಮಾಡಿ, ಹಿಂದೆ ‘ಕರ’ ಸೇರಿಸಿದರು. ಕರ ಅಂದರೆ ಖಾಲಿ. ಬರಿಗೈಯ ‘ಕರಾಟೆ’ಯಲ್ಲಿರುವುದೂ ಅದೇ. ಕರೋಕೆ ಅಂದರೆ ಖಾಲಿ ಆರ್ಕೆಸ್ಟ್ರಾ. ಗ್ರೀಕರ ಕುಣಿತದ ಕಣ ಸಾವಿರಾರು ಮೈಲಿ ಸುತ್ತಿ, ಬಾಲ ಕತ್ತರಿಸಿಕೊಂಡು, ಹಾಲೆಂಡಿನ ಮಗನ ಸೂಟ್‌ಕೇಸಿನಲ್ಲಿ ನಮ್ಮ ಮೇಲಿನ ಮನೆಗೆ ಬಂದಿದೆ ಎಂದು ಹೊಳೆದ ದಿನ ನನ್ನ ಸಿಟ್ಟು ಕೊಂಚ ತಣಿಯಿತು.

1967ರಲ್ಲಿ ಟೋಕಿಯೊದ ಶಿಗೆಇಚಿ ನೆಗಿಶಿ ಎಂಬವರು ಇಂಥದ್ದೊಂದು ಪೆಟ್ಟಿಗೆ ಮಾಡಿದಾಗ, ಕರೋಕೆ ಎಂಬ ಹೆಸರು ಶವಪೆಟ್ಟಿಗೆಗೆ ಅವರಲ್ಲಿರುವ ಮಾತಿನ ಹಾಗೆ ಕೇಳಿಸುತ್ತದೆ ಎಂದು ಮಾರುವವರು ಬೇಡವೆಂದರಂತೆ. ನಾಲ್ಕು ವರ್ಷದ ಮೇಲೆ ಕೋಬೆ ಊರಿನ ದೈಸುಕೆ ಇನೊಉಎ ಇನ್ನೊಂದನ್ನು ಮಾಡಿದ. ಬಾರುಗಳಲ್ಲಿ ಗಿರಾಕಿಗಳ ಹಾಡಿಗೆ ನುಡಿಸಿ ಹೊಟ್ಟೆ ಹೊರೆಯುತ್ತಿದ್ದವನು ಅವನು. ಯಾವನೋ ಗಿರಾಕಿ ತನ್ನ ಜತೆ ಬೇರೆ ಊರಿಗೆ ಬಾ ಎಂದಾಗ ತಾನು ಹೋಗದೆ ಟೇಪು ಮಾಡಿ ಕಳಿಸಿದ, ಅಲ್ಲಿಂದ ಯಂತ್ರದ ಯೋಚನೆ. ಪೇಟೆಂಟು ಮಾಡಿಸಿಕೊಳ್ಳಲಿಲ್ಲ. ಅವನ ಪಾಲಿಗೆ ಬಂದದ್ದು 2004ರ ಇಗ್ ನೊಬೆಲ್ ಶಾಂತಿ ಪ್ರಶಸ್ತಿ, ಅದು ನಗೆಯಾಟದ ನೊಬೆಲ್. ಜನ ಒಬ್ಬರನ್ನೊಬ್ಬರು ಸಹಿಸಿಕೊಳ್ಳಲು ಹೊಸ ದಾರಿ ಕಲಿಸಿದ್ದಕ್ಕೆ. ಆ ಪ್ರಶಸ್ತಿಯಲ್ಲಿ ಕೆಳಗಿನ ಮನೆಯವರಿಗೂ ಒಂದು ಪಾಲು ಬರಬೇಕು.

ಕೊನೆಗೆ ರಾಜಿಯಾಯಿತು. ಹಾಡುಗಳಿಗೆ ಕರೋಕೆ, ಜತೆಗೆ ಒಬ್ಬ ರಿದಂ ಪ್ಯಾಡಿನವನು. ಬಂದವನು ನಂಜನಗೂಡಿನ ಹುಡುಗ, ಬಾಯಲ್ಲಿ ಸದಾ ಸೋಂಪು. ಮ್ಯಾನೇಜರು ಪಲ್ಲವಿಗೆ ಎಂದಿನಂತೆ ತಡವಾದಾಗ ಆ ಹುಡುಗ ಟ್ರ್ಯಾಕು ನಿಲ್ಲಿಸೆಂದು ಕೈಸನ್ನೆ ಮಾಡಿ, ತಾನೊಬ್ಬನೇ ಪ್ಯಾಡಿನಲ್ಲಿ ನಡೆ ಹಿಡಿದು, ಅವರು ಬರುವ ತನಕ ಕಾದ. ಅವರ ಜತೆಯಲ್ಲೇ ಸಾಗಿದ, ಅವರು ಉಸಿರು ತೆಗೆದುಕೊಂಡಲ್ಲಿ ಇವನೂ ತೆಗೆದುಕೊಂಡ. ಮ್ಯಾನೇಜರ ಕಂಠದಲ್ಲಿ ಇಷ್ಟು ಒಳ್ಳೆಯ ಮಂದ್ರ ಇದೆ ಎಂದು ಸೂರಿನ ಕೆಳಗೆ ಕೂತು ನನಗೆ ತಿಳಿದಿರಲಿಲ್ಲ.

ಎಂಟೂವರೆಗೆ ಮಾಜಿ ಕಾರ್ಪೊರೇಟರು ಬಂದರು, ಅವರ ಹಿಂದೆಯೇ ಮೂರು ಸೋಫಾ ಬಂದವು. ಕೆಂಪು ವೆಲ್ವೆಟ್ಟಿನವು, ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿರಲಿಲ್ಲ. ಮಕ್ಕಳನ್ನು ಎಬ್ಬಿಸಿದರು. ಪುಟಿಯೋಲಿಯ ವಿಷಯವನ್ನು ಅಧ್ಯಕ್ಷರ ಕಿವಿಯಲ್ಲಿ ಹೇಳೋಣವೆಂದು ಹೋದೆ. ‘ಆ ಸಾಹೇಬ್ರು ಬರಲ್ಲ ಅಂದಿದಾರೆ ಸಾರ್’ ಅಂದರು. ಅಷ್ಟರಲ್ಲಿ ಪ್ಯಾಡಿನ ಹುಡುಗ ತಮಟೆ ಏಟಿಗೆ ತಿರುಗಿದ. ಎದ್ದ ಮಕ್ಕಳು ಕೂರಲಿಲ್ಲ. ಸೋಫಾಗೂ ವೇದಿಕೆಗೂ ಉಳಿದಿದ್ದ ಎರಡು ಗಜದಲ್ಲೇ ಕುಣಿಯತೊಡಗಿದರು. ಅವರಲ್ಲೊಬ್ಬಳು ಕಾರ್ಪೊರೇಟರ ಮೊಮ್ಮಗಳು. ‘ತಾತಾ ಬಾ’ ಎಂದು ಅವರ ಬೆರಳು ಹಿಡಿದು ಎಳೆದಳು. ಅವರು ಶಲ್ಯ ಸರಿಮಾಡಿಕೊಂಡು ಎದ್ದು, ಒಂದು ಕೈ ಎತ್ತಿ ಬೆರಳು ಆಡಿಸಿದರು. ಸುತ್ತ ನೋಡಿದರು. ಆಮೇಲೆ ಇನ್ನೊಂದು ಕೈಯನ್ನೂ ಎತ್ತಿದರು. ಸಾಹೇಬರೇ ಕುಣಿಯಲು ನಿಂತ ಮೇಲೆ ಜಾಗ ಸಾಲದೆಂದು ಸೋಫಾ ತಂದ ನಾಲ್ವರೇ ಅವನ್ನು ಮತ್ತೆ ಹೊತ್ತು ಪೆಂಡಾಲಿನ ಆಚೆ ಚರಂಡಿ ಪಕ್ಕ ಇಟ್ಟು ಬಂದರು. ಹೆಂಗಸರೂ ಬಂದರು, ಅಧ್ಯಕ್ಷರೂ ಬಂದರು.

ನಮ್ಮ ಖಜಾಂಚಿ ಮಾತ್ರ ಮೊಬೈಲಿನಲ್ಲಿ ಲೆಕ್ಕ ಹಾಕುತ್ತ ನನ್ನ ಪಕ್ಕ ನಿಂತಿದ್ದ. ‘ಅಂಕಲ್, ಬರೋ ವರ್ಷ ಸೋಫಾ ಬಾಡಿಗೆ ಉಳಿಸಿದ್ರೆ ಒಬ್ಬ ಕೀಬೋರ್ಡಿನವನನ್ನೂ ಕರೆಸಬಹುದು’ ಅಂದ.